ಎಂಜಲ ನೂಲು

ಫೆಬ್ರವರಿ ೯

ಚಿಂದಿ,

ನಾನು ಸತ್ತಿಲ್ಲ. ಕಾಗದ ಕಂಡ ಕೂಡಲೇ ನೀನು ಎದೆ ಹಿಡಿದುಕೊಂಡಿರುತ್ತೀಯ ಎಂದು ಮೊದಲೇ ಹೇಳಿಬಿಟ್ಟೆ. ಸತ್ತವರು ಇಷ್ಟು ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ಕೈ ಇದು. ಒತ್ತಕ್ಷರ ಎಲ್ಲಾದರೂ ಬಿಟ್ಟುಹೋಗಿದ್ದರೆ ನೀನೇ ಹೊಲಿದುಕೋ.

ಫೋನು ಮಾಡಬಹುದಿತ್ತು. ಆದರೆ ನನ್ನ ಕಿವಿ ಮಂದ. ನಾನು ಫೋನಿನಲ್ಲಿ ಮಾತಾಡಿದರೆ ಬೀದಿ ಕೊನೆಯ ಬೇಕರಿಯವನಿಗೂ ಕೇಳುತ್ತದೆ, ಇನ್ನು ಒಂದೇ ಕೋಣೆಯಲ್ಲಿರುವ ನಿನ್ನಮ್ಮನಿಗೆ ಕೇಳದೆ ಇರುತ್ತದೆಯೇ? ಈ ಮನೆಯಲ್ಲಿ ನಿನ್ನ ಮಾತು ಎತ್ತುವಂತಿಲ್ಲ. ನಿನ್ನಪ್ಪನ ಹೆಣ ಮಲಗಿಸಿದ್ದಾಗ, ಬಂದವರೆಲ್ಲರ ಮುಂದೆ, "ಬೆಳಗಾಗ್ಲಿ ಬೆಳಗಾಗ್ಲಿ ಅಂತ ಕೂತು ನೀನೇ ಅಪ್ಪನ್ನ ಕೊಂದೆ" ಎಂದು ಅವಳಿಗೆ ಅಂದು ಹೊರಟೆಯಲ್ಲ, ಅಂದಿನಿಂದ ಅವಳ ಬಾಯಿ ನಿನ್ನ ವಿಷಯಕ್ಕೆ ಬೀಗ ಹಾಕಿದ ಬಾಯಿ. ನೀನಾದರೂ ಕಡಿಮೆಯವಳೇನಲ್ಲ. ಇಬ್ಬರೂ ಒಂದೇ ಥಾನಿನ ಬಟ್ಟೆ.

ಈಗ ವಿಷಯ. ನಿನ್ನಮ್ಮನಿಗೆ ಹುಷಾರಿಲ್ಲ. ಹೋದ ತಿಂಗಳು ಒಂದು ಬಿಳಿ ಅಂಗಿಗೆ ಕಾಲರು ಹಾಕುವಾಗ ಬೆರಳಿಗೆ ಸೂಜಿ ಚುಚ್ಚಿತು. ಹೊಲಿಗೆ ಕಸುಬಿನಲ್ಲಿ ಅದೇನು ದೊಡ್ಡ ಸುದ್ದಿ? ನಿನಗೆ ನೆನಪಿರಬೇಕು, ಗಿರಾಕಿಯ ಬಟ್ಟೆಗೆ ರಕ್ತ ತಾಗಿದರೆ ಸೋಪು ಹುಡುಕಿಕೊಂಡು ಓಡುವವಳು ಹೊಸಬಳು. ಹಳಬಳು ಬಿಳಿ ನೂಲಿನ ತುಂಡೊಂದನ್ನು ಬಾಯಲ್ಲಿ ಅಗಿದು, ಆ ಎಂಜಲ ನೂಲನ್ನು ಕಲೆಯ ಮೇಲೆ ಒತ್ತುತ್ತಾಳೆ. ಯಾರ ರಕ್ತವೋ ಅವರದೇ ಎಂಜಲಾಗಬೇಕು, ಬೇರೆಯವರದಕ್ಕೆ ಕಲೆ ಜಗ್ಗುವುದಿಲ್ಲ. ನನ್ನಮ್ಮ ನನಗೆ ಕಲಿಸಿದ್ದು, ನಾನು ಅವಳಿಗೆ, ಅವಳು ನಿನಗೆ. ಅವಳೂ ನೂಲು ಅಗಿದು ಒತ್ತಿದಳು. ಕಲೆ ಹೋಯಿತು, ಅದರ ಪಕ್ಕದಲ್ಲೇ ಇನ್ನೊಂದು ಹನಿ ಬಿತ್ತು. ಅದನ್ನು ತೆಗೆದಳು, ಮತ್ತೊಂದು ಬಿತ್ತು. ಸಂಜೆಯಾದರೂ ಸೂಜಿಮೊನೆಯಷ್ಟು ತೂತು ಮುಚ್ಚಲಿಲ್ಲ. ಆಮೇಲೆ ನೋಡಿದರೆ ತೊಡೆಯ ಮೇಲೆಲ್ಲ ಯಾರೋ ಬಡಿದ ಹಾಗೆ ನೀಲಿ ಗುರುತು. ಹಲ್ಲುಜ್ಜಿದರೆ ಉಗುಳೆಲ್ಲ ಕೆಂಪು.

ಮೂಳೆಯೊಳಗೆ ರಕ್ತ ಹುಟ್ಟುವ ಜಾಗ ಒಣಗುತ್ತಿದೆ ಎಂದರು ದೊಡ್ಡ ಡಾಕ್ಟರು. ಮೂರು ಬಗೆ ಕಣ ಕಡಿಮೆಯಂತೆ. ಯಾವ ಮೂರು ಎಂದು ನಾನು ಕೇಳುವಷ್ಟರಲ್ಲಿ ಅವರು ಮುಂದಿನ ಮಂಚದ ಹತ್ತಿರ ಇದ್ದರು. ನಿನ್ನೆ ರಕ್ತ ಹಾಕುತ್ತೇವೆ ಎಂದು ನರ್ಸು ಒಂದು ಚೀಲ ತಂದಳು. ನೋಡಿದರೆ ಹಳದಿ!

"ಏನಮ್ಮ ಇದು? ರಕ್ತ ಅಂದ್ರಿ, ಹಳದಿ ನೀರು ತಂದ್ರಿ. ನಮ್ಮನ್ನೇನು ಕುರುಡರು ಅಂದ್ಕೊಂಡ್ರಾ?"

"ಇದೂ ರಕ್ತಾನೇ ಅಜ್ಜಿ."

"ಹೌದೌದು. ಬಣ್ಣ ಬಿಟ್ಟ ಬಟ್ಟೆ ತೋರಿಸಿ ಇದೂ ಹೊಸದೇ ಅನ್ನೋರನ್ನ ನಾನೂ ನೋಡಿದ್ದೀನಿ."

ನಿನ್ನಮ್ಮ ಮಲಗಿದ್ದಲ್ಲಿಂದಲೇ, "ಅಮ್ಮ, ನಿನ್ನ ಬಾಯಿಗೆ ಹೆದರಿ ಅವಳು ಸೂಜಿ ತಪ್ಪಿ ಚುಚ್ತಾಳೆ, ಸುಮ್ನಿರು" ಎಂದಳು.

ನೀನು ರಕ್ತದ ಕೆಲಸದಲ್ಲೇ ಇರುವವಳು. ಆ ಮೂರು ಯಾವುವು, ಹಳದಿ ಯಾವುದು, ಅವಳು ಬದುಕುತ್ತಾಳೋ ಇಲ್ಲವೋ, ನನಗೆ ಅರ್ಥವಾಗುವ ಹಾಗೆ ಬರೆ. ಕಾಗದವನ್ನು ಬೇಕರಿಯವನ ವಿಳಾಸಕ್ಕೆ ಹಾಕು. ಅವನಿಗೆ ಹೇಳಿಟ್ಟಿದ್ದೇನೆ.

ಇನ್ನೂ ಕನ್ನಡಕವಿಲ್ಲದೆ ನೂಲು ಪೋಣಿಸುವ,
ನಿನ್ನ ಅಜ್ಜಿ



ಫೆಬ್ರವರಿ ೧೭

ಅಜ್ಜಿ,

ನಿನ್ನ ಕಾಗದವನ್ನು ಮೊದಲು ನಿಂತುಕೊಂಡು ಓದಿದೆ, ಆಮೇಲೆ ಕೂತು ಓದಿದೆ.

ಆ ನರ್ಸಿನ ಹತ್ತಿರ ಜಗಳ ಆಡಬೇಡ. ಹಳದಿ ಚೀಲವೂ ರಕ್ತದ್ದೇ. ದಾನಿಗಳು ಕೊಟ್ಟ ಚೀಲ ನಮ್ಮ ಬ್ಲಡ್ ಬ್ಯಾಂಕಿಗೆ ಬರುವಾಗ ಎಲ್ಲ ಒಂದೇ ಕೆಂಪು. ಅದನ್ನು ಯಂತ್ರದಲ್ಲಿಟ್ಟು ಗಿರ್ರನೆ ತಿರುಗಿಸುತ್ತೇವೆ. ಯಂತ್ರ ನಿಂತಾಗ ಚೀಲದೊಳಗೆ ಪದರಗಳಾಗಿರುತ್ತವೆ. ಅಡಿಯಲ್ಲಿ ಭಾರವಾದ ಕೆಂಪು ಕಣ. ಮೇಲೆ ಒಣಹುಲ್ಲಿನ ಬಣ್ಣದ ನೀರು, ಅದು ಪ್ಲಾಸ್ಮಾ. ಎರಡರ ನಡುವೆ, ಅಂಗಿಯ ಒಳಮಡಿಕೆಯಷ್ಟು ತೆಳ್ಳಗೆ, ಒಂದು ಬೆಳ್ಳನೆಯ ಪದರ. ಬಿಳಿ ಕಣಗಳೂ ಪ್ಲೇಟ್‌ಲೆಟ್‌ಗಳೂ ಅಲ್ಲಿರುತ್ತವೆ. ಅವನ್ನು ಬೇರೆ ಬೇರೆ ಚೀಲಕ್ಕೆ ಹಿಂಡುವುದೇ ನನ್ನ ಕೆಲಸ.

ಕೆಂಪು ಕಣ ಉಸಿರನ್ನು ಹೊತ್ತು ಮೈಯೆಲ್ಲ ತಲುಪಿಸುತ್ತದೆ. ಅದು ಕಡಿಮೆಯಾದರೆ ನಾಲ್ಕು ಹೆಜ್ಜೆಗೇ ಏದುಸಿರು, ಉಗುರು ಬಿಳಿಚಿಕೊಳ್ಳುತ್ತದೆ. ಬಿಳಿ ಕಣ ಕಾವಲುಗಾರ. ಹೊರಗಿನ ಹುಳ ಬಂದರೆ ಗುರುತಿಸಿ ಕೊಲ್ಲುತ್ತದೆ. ಪ್ಲೇಟ್‌ಲೆಟ್ ಅಂದರೆ ತೇಪೆ ಅಂದುಕೋ. ರಕ್ತನಾಳ ಎಲ್ಲಿ ಹರಿದುಹೋಯಿತೋ ಅಲ್ಲಿಗೆ ಓಡಿ ಒಂದಕ್ಕೊಂದು ಅಂಟಿಕೊಂಡು ತೂತು ಮುಚ್ಚುತ್ತವೆ. ಆಗ ಪ್ಲಾಸ್ಮಾದಲ್ಲಿ ಕರಗಿರುವ ಒಂದು ವಸ್ತು ಅಲ್ಲೇ ಎಳೆ ಎಳೆಯಾಗಿ ತೇಪೆಯ ಮೇಲೆ ಹೊಲಿಗೆ ಹಾಕುತ್ತದೆ. ಸುಳ್ಳಲ್ಲ ಅಜ್ಜಿ, ಸೂಕ್ಷ್ಮದರ್ಶಕದಲ್ಲಿ ನೂಲಿನ ಹಾಗೇ ಕಾಣುತ್ತದೆ.

ಅಮ್ಮನಲ್ಲಿ ನೂಲಿದೆ, ತೇಪೆಯಿಲ್ಲ. ಆ ಹಳದಿ ಚೀಲ ತೇಪೆಯದು. ಅದರ ಆಯಸ್ಸು ಐದೇ ದಿನ. ಫ್ರಿಜ್ಜಿನಲ್ಲಿಡುವಂತಿಲ್ಲ. ಅಲುಗಾಡುವ ತಟ್ಟೆಯ ಮೇಲೆ ತೂಗುತ್ತಲೇ ಇರಬೇಕು, ನಿಂತರೆ ಕೆಡುತ್ತದೆ. ನನ್ನ ಮೇಜಿನ ಪಕ್ಕದಲ್ಲೇ ಆ ತಟ್ಟೆ. ನಿನ್ನ ಹೊಲಿಗೆ ಯಂತ್ರದ ಕೆಳಗೆ ಚಿಂದಿ ರಾಶಿಯ ಮೇಲೆ ಮಲಗಿದ್ದಾಗ ಕೇಳುತ್ತಿದ್ದ ಸದ್ದೇ ಅದು.

ಬದುಕುತ್ತಾಳೋ ಇಲ್ಲವೋ ಎಂದು ಕೇಳಿದ್ದೀಯ. ಚೀಲಗಳಿಂದ ಕಾಲ ತಳ್ಳಬಹುದು, ವಾಸಿಯಾಗುವುದಿಲ್ಲ. ವಾಸಿಯಾಗಬೇಕಾದರೆ ಬೇರೆಯವರ ಮೂಳೆಯ ಮಜ್ಜೆ ಬೇಕಾಗಬಹುದು. ಡಾಕ್ಟರೇ ಹೇಳುತ್ತಾರೆ.

ಅವಳ ಕೈಗೆ ಸೂಜಿ ಕೊಡಬೇಡ. ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡ. ಈ ಸಾಲನ್ನು ಹೊಡೆದುಹಾಕೋಣ ಎನ್ನಿಸಿತು. ಆದರೆ ಅದು ನಿಜಕ್ಕೂ ಮುಖ್ಯ.

ನಾನು ಬರೆದೆ ಎಂದು ಅವಳಿಗೆ ಹೇಳಬೇಡ.

ಚಿಂದಿ



ಮಾರ್ಚ್ ೨

ಚಿಂದಿ,

ನಿನ್ನ ಕಾಗದ ಓದಿ ಆಸ್ಪತ್ರೆಯಲ್ಲಿ ನಾನೇ ಅರ್ಧ ಡಾಕ್ಟರಾಗಿದ್ದೇನೆ. ಪಕ್ಕದ ಮಂಚದವಳಿಗೂ ಪಾಠ ಹೇಳಿಕೊಟ್ಟೆ. ಕೆಂಪು ಚೀಲ ಬಂದರೆ "ಉಸಿರು ಬಂತು" ಎನ್ನುತ್ತೇನೆ, ಹಳದಿ ಬಂದರೆ "ತೇಪೆ ಬಂತು" ಎನ್ನುತ್ತೇನೆ. ನರ್ಸು ನಗುತ್ತಾಳೆ. ನಿನ್ನಮ್ಮನಿಗೂ ಹೇಳಿದೆ, ನರ್ಸು ಹೇಳಿಕೊಟ್ಟಳು ಎಂದು.

ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು. ಎಲ್ಲ ಮುಗಿದ ಮೇಲೆ, "ಆ ನರ್ಸಿಗೆ ಒಳಮಡಿಕೆ ಅಂದ್ರೇನು ಅಂತ ಗೊತ್ತಾ?" ಎಂದಳು. ನಾನು ನೀರು ತರುವ ನೆಪ ಮಾಡಿ ಎದ್ದೆ.

ಅಂಗಡಿಯಲ್ಲಿ ಅವಳ ಯಂತ್ರದ ಮೇಲೆ ಬಟ್ಟೆ ಹೊದಿಸಿದ್ದೇನೆ. ಸೂಜಿ, ಗುಂಡುಪಿನ್ನು, ಕತ್ತರಿ ಎಲ್ಲವೂ ಡಬ್ಬಿಯೊಳಗೆ, ಡಬ್ಬಿ ಅಟ್ಟದ ಮೇಲೆ. ಆಸ್ಪತ್ರೆಯಿಂದ ಮನೆಗೆ ಬಂದ ದಿನಗಳಲ್ಲಿ ಬರಿಗೈಯಲ್ಲಿ ಕೂತು ಸೀರೆಯ ಅಂಚನ್ನು ಮಡಿಸುತ್ತಾಳೆ, ಬಿಡಿಸುತ್ತಾಳೆ. ಕೆಲಸ ಮಾಡಿದ ಕೈ ಸುಮ್ಮನಿದ್ದರೆ ನೋಡಲಾಗುವುದಿಲ್ಲ ಕಣೇ.

ಈಗ ನನ್ನ ಉಪಾಯ ಕೇಳು. ಪರರ ಚೀಲ ಯಾಕೆ? ಎಂಥವರದೋ ಏನೋ. ನಮ್ಮವರೇ ಇಷ್ಟು ಜನ ಇಲ್ಲವೇ? ನಿನ್ನ ಸೋದರಮಾವನನ್ನು ಎಳೆದುಕೊಂಡು ಹೋದೆ. ಅಲ್ಲಿ ಕೂತಿದ್ದ ಹುಡುಗಿ ಮೊದಲು ಕೇಳಿದ್ದೇ "ರೋಗಿಗೆ ಏನಾಗಬೇಕು?" ಎಂದು. ಅಣ್ಣ ಎಂದ, ಪೆದ್ದ. ಒಡಹುಟ್ಟಿದವರದ್ದು ಬೇಡ ಎಂದು ಕಳಿಸಿಬಿಟ್ಟಳು. ಎಂಥ ಕಾಲ ಬಂತು! ಹೀಗೆ ಬಿಟ್ಟರೆ ಆಗದು ಎಂದು ಬೇರೆ ಹುಡುಗಿ ಕೂರುವ ದಿನ ಗೊತ್ತುಮಾಡಿಕೊಂಡಿದ್ದೇನೆ. ಸೋಮವಾರ ಹೋಗುತ್ತಾನೆ, ಪಕ್ಕದ ಮನೆಯವನು ಎಂದು ಹೇಳುತ್ತಾನೆ, ಇದೇ ರೋಗಿಗೇ ಹಾಕಿ ಎನ್ನುತ್ತಾನೆ. "ಅಮ್ಮ, ನಮ್ಮಿಬ್ರ ಮೂಗು ನೋಡಿದ್ರೆ ಸಾಕಲ್ಲ" ಎಂದ. "ಮೂಗಿಗೆ ಕರವಸ್ತ್ರ ಹಿಡ್ಕೋ, ನೆಗಡಿ ಅನ್ನು" ಎಂದೆ. ನೆಗಡಿಯವರದ್ದು ತೆಗೆದುಕೊಳ್ಳುವುದಿಲ್ಲವಂತೆ. ಎಲ್ಲದಕ್ಕೂ ಒಂದು ಕಾನೂನು.

ಅವನದಾದ ಮೇಲೆ ನಿನ್ನದು. ನೀನು ಬಾ, ಒಂದು ಚೀಲ ಕೊಡು. ನಾನು ಬಾಯಿ ಬಿಡುವುದಿಲ್ಲ. ನಿನ್ನ ರಕ್ತ ಅವಳ ಮೈಯೊಳಗೆ ಓಡಾಡಲಿ, ಆಮೇಲೆ ಅವಳ ಹಟ ಎಷ್ಟು ದಿನ ನಿಲ್ಲುತ್ತದೋ ನೋಡುತ್ತೇನೆ.

ನಿನ್ನ ಬುದ್ಧಿವಂತ ಅಜ್ಜಿ



ಮಾರ್ಚ್ ೭

ಅಜ್ಜಿ,

ನಿನ್ನ ಕಾಗದ ಈಗ ತಲುಪಿತು. ಮಾವನ ಚೀಲ ಅಮ್ಮನಿಗೆ ಹಾಕಲೇಬಾರದು. ಆಸ್ಪತ್ರೆಗೆ ಫೋನು ಮಾಡಿ ತಡೆಯಲು ಹೇಳಿದ್ದೇನೆ. ನಾನೂ ಕೊಡುವುದಿಲ್ಲ. ಇನ್ನು ಯಾರ ಬಾಯಲ್ಲೂ ಸುಳ್ಳು ಹೇಳಿಸಬೇಡ.

ಯಂತ್ರ ನಿಲ್ಲಿಸಿ ಬಂದಿದ್ದೇನೆ, ಹೋಗಬೇಕು. ಉಳಿದದ್ದು ಬಿಡುವಾದಾಗ ಬರೆಯುತ್ತೇನೆ.

ಚಿಂದಿ



ಮಾರ್ಚ್ ೧೩

ಮಗಳ ಮಗಳಿಗೆ,

ಚಿಂದಿ ಎಂದು ಬರೆಯಲು ಕೈ ಬರುತ್ತಿಲ್ಲ.

ನಿನ್ನ ಫೋನು ತಲುಪಿತು, ತಾಯಿ. ಸರಿಯಾದ ಹೊತ್ತಿಗೇ ತಲುಪಿತು. ಚೀಲ ಕಂಬದ ಮೇಲೆ ತೂಗುತ್ತಿತ್ತು, ನಳಿಕೆ ಸಿಕ್ಕಿಸುವುದೊಂದು ಬಾಕಿ. ನರ್ಸೊಬ್ಬಳು ಓಡಿ ಬಂದು ಕಿತ್ತುಕೊಂಡಳು. ನಿನ್ನಮ್ಮ ಎದ್ದು ಕೂತು, "ಯಾಕೆ, ಏನಾಯ್ತು?" ಎಂದಳು.

"ಇದು ನಿಮಗೆ ಆಗಲ್ಲಮ್ಮ. ನಿಮ್ಮ ಮಗಳು ಫೋನ್ ಮಾಡಿ ನಿಲ್ಲಿಸಿ ಅಂದ್ರಂತೆ."

ಆ ನರ್ಸು ಸಂಬಂಧಿಕರದ್ದು ಅಪಾಯ, ಅದು ಇದು ಎಂದು ಇನ್ನೂ ಏನೇನೋ ಹೇಳಿದಳು. ಯಾರು ಕೇಳಿಸಿಕೊಂಡರು? ಬೀದಿಯವರದ್ದು ಆಗುತ್ತದಂತೆ, ಒಡಹುಟ್ಟಿದವನದ್ದು ಆಗುವುದಿಲ್ಲವಂತೆ! ನಿನ್ನಮ್ಮ ಖಾಲಿ ಕಂಬವನ್ನೇ ನೋಡುತ್ತಾ ಕೂತಳು. ಆಮೇಲೆ ಮೆಲ್ಲಗೆ, "ಅವತ್ತು ನಾನು ತಡ ಮಾಡಿದೆ. ಇವತ್ತು ಅವಳು ತಡೆದಳು. ಲೆಕ್ಕ ಸರಿಹೋಯ್ತು" ಎಂದಳು. ಹಟದವಳ ಕೂಗಾಟ ನಾನು ತಡೆದುಕೊಂಡೇನು, ಆ ಮೆಲುದನಿ ತಡೆದುಕೊಳ್ಳಲಾರೆ. ಬೇರೆ ಹಳದಿ ಚೀಲ ಸಿಕ್ಕಿದ್ದು ಮಾರನೆಯ ದಿನ. ಅಲ್ಲಿಯವರೆಗೂ ಮೂಗಿನಿಂದ ಹರಿಯಿತು. ನಾನು ಬಟ್ಟೆ ಹಿಡಿದು ಕೂತಿದ್ದೆ. ಹೊಲಿಗೆಯವಳ ಮನೆಯಲ್ಲಿ ಬಟ್ಟೆಗೆ ಬರವೇ?

ಇನ್ನೊಂದು ಕೇಳು. ಡಾಕ್ಟರು ಬಂದು ಮಜ್ಜೆ ಹಾಕಲೇಬೇಕು ಎಂದರು. ನಿನ್ನ ಮಾವನದ್ದು ಪರೀಕ್ಷೆ ಮಾಡಿದರು, ಹೊಂದಲಿಲ್ಲ. "ಮಕ್ಕಳಿದ್ದಾರಾ?" ಎಂದು ಕೇಳಿದರು.

"ಒಬ್ಬಳು ಇದ್ದಳು" ಎಂದಳು.

ಡಾಕ್ಟರು ನನ್ನ ಮುಖ ನೋಡಿದರು. ಇದ್ದಾಳೆ, ಗುಂಡುಕಲ್ಲಿನ ಹಾಗೆ ಇದ್ದಾಳೆ ಎಂದೆ. "ಅವಳದ್ದು ನನಗೆ ಬೇಡ" ಎಂದು ನಿನ್ನಮ್ಮ ಗೋಡೆಗೆ ಮುಖ ಮಾಡಿದಳು.

ಒಂದು ಚೀಲ ರಕ್ತ ಕೇಳಿದೆ ಕಣೇ ನಾನು. ನೀನು ದಿನವಿಡೀ ಊರವರದ್ದನ್ನು ಹಿಂಡಿ ಹಿಂಡಿ ತುಂಬಿಸುತ್ತೀಯ. ಹೆತ್ತವಳಿಗೆ ಒಂದು ಚೀಲ. ಸೇಡಿಗೂ ಒಂದು ಅಳತೆ ಬೇಡವೇ?

ಅಜ್ಜಿ



ಮಾರ್ಚ್ ೨೧

ಅಜ್ಜಿ,

ನಿನ್ನ ಸಿಟ್ಟು ಆರುವವರೆಗೆ ಕಾಯೋಣ ಎಂದುಕೊಂಡೆ. ಅಷ್ಟು ಸಮಯ ಅಮ್ಮನಿಗಿಲ್ಲ.

ಎಲ್ಲ ಚೀಲದಲ್ಲೂ ಕೊಟ್ಟವರ ಬಿಳಿ ಕಣ ಒಂದಿಷ್ಟು ಉಳಿದಿರುತ್ತದೆ. ಅಪರಿಚಿತರದ್ದಾದರೆ ರೋಗಿಯ ಮೈ ಅದನ್ನು ಹೊರಗಿನವನು ಎಂದು ಗುರುತಿಸಿ ಮುಗಿಸಿಬಿಡುತ್ತದೆ. ಒಡಹುಟ್ಟಿದವರದ್ದೋ ಮಕ್ಕಳದ್ದೋ ಆದರೆ ಚಹರೆ ಒಂದೇ. ಮನೆಯವರೇ ಬಂದರು ಎಂದು ಮೈ ಬಾಗಿಲು ತೆಗೆದು ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ಒಳಗೆ ಬಂದದ್ದು ಹಾಗೆ ಅಂದುಕೊಳ್ಳುವುದಿಲ್ಲ. ಅದಕ್ಕೆ ಇದು ಅನ್ಯರ ಮನೆ. ಅಲ್ಲೇ ಬೀಡುಬಿಟ್ಟು, ಚರ್ಮ, ಕರುಳು, ಅಳಿದುಳಿದ ಮಜ್ಜೆ ಎಲ್ಲವನ್ನೂ ಹಾಳುಮಾಡುತ್ತದೆ. ಅದು ಶುರುವಾದರೆ ಉಳಿಸುವುದು ಬಹಳ ಕಷ್ಟ. ಸಂಬಂಧಿಕರದ್ದನ್ನು ಹಾಕಲೇಬೇಕಾದರೆ ಮೊದಲು ಕಿರಣ ಹಾಯಿಸಿ ಆ ಬಿಳಿ ಕಣಗಳ ಬಲ ಮುರಿಯುತ್ತಾರೆ. ಪಕ್ಕದ ಮನೆಯವನದ್ದಕ್ಕೆ ಯಾಕೆ ಹಾಯಿಸುತ್ತಾರೆ? ಅದಕ್ಕೇ ಆ ಹುಡುಗಿ ಮೊದಲು ಸಂಬಂಧ ಕೇಳಿದ್ದು.

ನನ್ನದು ಕೊಡದಿರಲು ಇನ್ನೊಂದು ಕಾರಣವಿತ್ತು. ನನ್ನ ರಕ್ತ ಈಗಲೇ ಅವಳ ಮೈಗೆ ಹೋದರೆ, ಆ ಮೈ ನನ್ನ ವಿರುದ್ಧ ತಯಾರಾಗಿ ಕೂರಬಹುದು. ನಾಳೆ ನನ್ನ ಮಜ್ಜೆ ಹಾಕಿದರೆ ತಳ್ಳಿಬಿಡಬಹುದು. ಮಜ್ಜೆಗೆ ಎಂದೇ ನನ್ನನ್ನು ತೆಗೆದಿರಿಸಿಕೊಂಡಿದ್ದೆ ಅಜ್ಜಿ. ನಿನ್ನ ಮೊದಲ ಕಾಗದ ಬಂದ ವಾರವೇ ಪರೀಕ್ಷೆಗೆ ಕೊಟ್ಟಿದ್ದೆ. ಅರ್ಧ ಹೊಂದುತ್ತದೆ. ಮಕ್ಕಳದ್ದು ಅರ್ಧವೇ ಹೊಂದುವುದು, ಉಳಿದರ್ಧ ಅಪ್ಪನದು. ಅರ್ಧದಿಂದಲೂ ಈಗ ಮಾಡುತ್ತಾರೆ. ಸುಲಭವೆಂದು ಹೇಳುವುದಿಲ್ಲ. ನನ್ನ ಬಿಳಿ ಕಣ ಅವಳ ಮೇಲೆ ಬೀಳುವ ಭಯ ಆಗಲೂ ಇರುತ್ತದೆ, ಅದನ್ನು ಹದ್ದಿನಲ್ಲಿಡಲು ಔಷಧಿ ಕೊಡುತ್ತಾರೆ. ರಕ್ತದ ಗುಂಪೂ ಬೇರೆ. ಅವಳದು ಓ, ನನ್ನದು ಅಪ್ಪನ ಬಿ. ಅದರಿಂದ ಕೆಂಪು ಕಣ ಬರುವುದು ತಡವಾಗಬಹುದು, ಆದರೆ ಅಡ್ಡಿಯಿಲ್ಲ.

ಅಪ್ಪನ ಹೊಟ್ಟೆಯ ಹುಣ್ಣು ಒಳಗೇ ಒಡೆದು ಒಳಗೇ ರಕ್ತ ಹೋಯಿತು. ಹೊರಗೆ ಸುಸ್ತು ಮಾತ್ರ ಕಂಡಿತು. ಇಲ್ಲಿ ನಾನು ಅಂಥವರ ಮನೆಯವರನ್ನು ವಾರವಾರ ನೋಡುತ್ತೇನೆ. ಅವರೂ ಬೆಳಗಾಗಲಿ ಎಂದವರೇ. ಅವರನ್ನು ನಾನು ಬಯ್ಯುವುದಿಲ್ಲ, ಕೂರಿಸಿ ನೀರು ಕೊಡುತ್ತೇನೆ. ಅಮ್ಮನಿಗೆ ಒಂದು ಲೋಟ ನೀರು ಕೊಡಲಿಲ್ಲ.

ಈ ಕಾಗದ ಅವಳಿಗೆ ಓದಿ ಹೇಳುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು.

ಚಿಂದಿ



ಏಪ್ರಿಲ್ ೪

ಚಿಂದಿ, ನನ್ನ ಚಿಂದಿ,

ಓದಿ ಹೇಳಿದೆ. ನಿಂತು ನಿಂತು, ಅಕ್ಷರ ಕೂಡಿಸಿ ಕೂಡಿಸಿ. ಬಿಳಿ ಕಣದ ಕಥೆಯನ್ನು ಎರಡು ಸಲ ಓದಿದೆ. ಮಗನ ಬಾಯಲ್ಲಿ ಸುಳ್ಳು ಹೇಳಿಸಿ ಮಗಳ ಪ್ರಾಣ ತೆಗೆಯಲು ಹೊರಟಿದ್ದೆನಲ್ಲ! ಆ ಕೌಂಟರಿನ ಹುಡುಗಿಯ ಹತ್ತಿರ ಹೋಗಿ ತಪ್ಪಾಯಿತು ಎಂದು ಬಂದೆ. ಅವಳಿಗೆ ನನ್ನ ನೆನಪೇ ಇರಲಿಲ್ಲ. "ದಿನಾ ಯಾರಾದ್ರೂ ಒಬ್ಬರು ಪಕ್ಕದ ಮನೆಯವರಾಗಿ ಬರ್ತಾರೆ ಅಜ್ಜಿ" ಎಂದಳು.

ನಿನ್ನಮ್ಮ ನಡುವೆ ಒಮ್ಮೆ ಮಾತ್ರ ಬಾಯಿ ಹಾಕಿದಳು. "ಅವಳದು ಅವರ ಗುಂಪಾ?" ಎಂದಳು. ಹೌದು, ಅಳಿಯನದೇ, ಬಿ ಅಂತೆ ಎಂದೆ. ಸೀರೆಯ ಅಂಚು ಮಡಿಸಿದಳು, ಬಿಡಿಸಿದಳು. ಲೋಟ ನೀರಿನ ಸಾಲು ಓದಿದಾಗ "ಸಾಕು" ಎಂದಳು. ನಿಲ್ಲಿಸಿದೆ. ಆಮೇಲೆ ಏನೂ ಉಳಿದಿರಲಿಲ್ಲ, ನಿನ್ನ ರುಜು ಒಂದೇ.

ಮಾರನೆಯ ದಿನ ತಲೆ ಬಾಚುತ್ತಿದ್ದೆ. ಬೆನ್ನು ನನ್ನ ಕಡೆಗಿತ್ತು.

"ಮೂಳೆಯಿಂದ ತೆಗೀವಾಗ ನೋವಾಗುತ್ತಾ?"

"ಯಾರಿಗೆ?"

"ನನಗಾ? ಅವಳಿಗೆ."

"ನನಗೇನು ಗೊತ್ತು?"

"ಗೊತ್ತಿಲ್ದಿದ್ರೆ ಕೇಳಿ ಬರಿ. ಬೇಕರಿಯವನ ಮನೆಗೆ ಕಾಗದ ತರೋಕೆ ಹೋಗುವಾಗ ನಿನ್ನ ಚಪ್ಪಲಿ ಸದ್ದೇ ಬೇರೆ ಇರುತ್ತೆ."

ಕೇಳಿ ಬರೆಯುತ್ತಿದ್ದೇನೆ. ನೋವಾಗುತ್ತದೆಯೇ?

ಅಜ್ಜಿ



ಜೂನ್ ೨೬

ಚಿಂದಿ,

ಸೊಂಟದ ನೋವು ಹೋಯಿತೇ? ನೀನು ಬಂದು ಮಜ್ಜೆ ಕೊಟ್ಟು ಮರಳಿದ್ದೂ ಆಯಿತು, ಇಬ್ಬರೂ ಒಂದು ಮಾತಾಡಲಿಲ್ಲ. ಸೋಂಕಿನ ಭಯದಿಂದ ಅವಳ ಕೋಣೆಗೆ ಯಾರನ್ನೂ ಬಿಡುವುದಿಲ್ಲ, ಸರಿ. ಗಾಜಿನಾಚೆ ನೀನು ನಿಂತಿದ್ದೆ. ಅವಳು ಗೋಡೆಯ ಕಡೆ ಹೊರಳಿ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ ಅವಳಿಗೆ. ನಿದ್ದೆ ಬಂದರೆ ಅವಳ ಬಾಯಿ ತೆರೆದಿರುತ್ತದೆ, ಹುಟ್ಟಿದಾಗಿನಿಂದ ನೋಡಿದ್ದೇನೆ. ನೀನೂ ಗಾಜು ತಟ್ಟಲಿಲ್ಲ.

ಇಲ್ಲಿ ಒಳ್ಳೆಯ ಸುದ್ದಿಯೂ ಇಲ್ಲ, ಕೆಟ್ಟದ್ದೂ ಪೂರ್ತಿ ಇಲ್ಲ. ಕೂದಲು ಉದುರಿತು. ಅಂಗೈ ಕೆಂಪಗೆ ಸುಲಿದು ಎದ್ದಿತು. ಚಿಂದಿಯ ಬಿಳಿ ಕಣ ಕಚ್ಚುತ್ತಿದೆಯೇ ಎಂದು ಡಾಕ್ಟರನ್ನು ಕೇಳಿದೆ. ಸ್ವಲ್ಪ ಎಂದರು, ಔಷಧಿ ಹೆಚ್ಚಿಸಿದರು. ಬಿಳಿಯದು ಏರಿದೆ. ತೇಪೆ ಅಷ್ಟಿಷ್ಟು ಬರುತ್ತಿದೆ. ಕೆಂಪು ಮಾತ್ರ ಬರುತ್ತಿಲ್ಲ. ಅವಳ ಹಳೇ ಪ್ಲಾಸ್ಮಾ ನಿನ್ನ ಬಿ ಗುಂಪಿನ ಹೊಸ ಕೆಂಪು ಕಣಗಳನ್ನು ಹುಟ್ಟುಹುಟ್ಟುತ್ತಲೇ ಹೊಡೆದುಹಾಕುತ್ತಿದೆಯಂತೆ. ಮೂಳೆಯೊಳಗೆ ನಿನ್ನನ್ನು ಬಿಟ್ಟುಕೊಂಡಳು, ಆ ಹಳದಿ ನೀರಿನಲ್ಲಿ ಇನ್ನೂ ಜಗಳ ನಡೆಯುತ್ತಿದೆ. ಅವಳ ಹಟ ಯಾವ ಪದರದಲ್ಲಿದೆ ಎಂದು ಈಗ ಗೊತ್ತಾಯಿತು ನೋಡು. ಚೀಲದ ಮೇಲೆ ಚೀಲ ಹಾಕುತ್ತಿದ್ದಾರೆ. ಆ ನೀರು ಹಳತಾಗಿ ಸೋಲಬೇಕು, ಕಾಯಿರಿ ಎಂದರು.

ಕಾಯುತ್ತಿದ್ದೇನೆ. ಆಸ್ಪತ್ರೆಯ ಬೆಂಚು ಸವೆದದ್ದು ನನ್ನಿಂದಲೇ ಇರಬೇಕು.

ಅಜ್ಜಿ



ಅಕ್ಟೋಬರ್ ೧೧

ಚಿಂದಿ,

ಕಾಗದ ತಡವಾಯಿತು. ನಡುವೆ ಬರೆಯುವಂಥ ದಿನಗಳು ಇರಲಿಲ್ಲ. ಎರಡು ಸಲ ಜ್ವರ ಬಂತು. ಎರಡು ಸಲವೂ ನಾನು ಬೆಳಗಾಗಲಿ ಎನ್ನಲಿಲ್ಲ. ಅವಳೇ "ಆಟೋ ಕರಿ" ಎಂದಳು. ಇನ್ನೂ ಮಾತ್ರೆ ಹಿಡಿಹಿಡಿ. ಇನ್ನೂ ಒಂದು ವರ್ಷ ಏನೂ ಹೇಳಲಾಗದು ಎನ್ನುತ್ತಾರೆ ಡಾಕ್ಟರು.

ಮೊನ್ನೆ ಪರೀಕ್ಷೆಯ ಚೀಟಿ ಕೊಟ್ಟರು. ರಕ್ತದ ಗುಂಪು ಬಿ ಎಂದು ಬರೆದಿತ್ತು. ಚೀಟಿ ಅದಲುಬದಲಾಗಿದೆ ಎಂದು ನಾನು ಕೂಗಾಡಲು ಎದ್ದೆ. ನಿನ್ನಮ್ಮ ನನ್ನ ಸೆರಗು ಹಿಡಿದು ಕೂರಿಸಿದಳು. ಆ ಅಕ್ಷರದ ಮೇಲೆ ಹೆಬ್ಬೆರಳಿಟ್ಟು, "ಅವರದು" ಎಂದಳು. ಮಜ್ಜೆ ನಿನ್ನದಾದ ಮೇಲೆ ಈಗ ಕೆಂಪೂ ನಿನ್ನ ಗುಂಪಿನದೇ ಹುಟ್ಟುತ್ತಿದೆ ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದರು.

ನಿನ್ನೆ ನಾನು ಬೇಕರಿಗೆ ಹೋಗಿ ಬರುವಷ್ಟರಲ್ಲಿ ಮಹಾತಾಯಿ ಅಟ್ಟದಿಂದ ಡಬ್ಬಿ ಇಳಿಸಿಕೊಂಡಿದ್ದಾಳೆ. ಹೊದಿಸಿದ್ದ ಬಟ್ಟೆ ನೆಲದ ಮೇಲಿದೆ. ಗಿರಾಕಿಯೊಬ್ಬನ ಬಿಳಿ ಅಂಗಿ ತೊಡೆಯ ಮೇಲೆ, ಗುಂಡಿ ಹಾಕುತ್ತಿದ್ದಾಳೆ. ನಾನು ಬಾಗಿಲಲ್ಲೇ ಕಿರುಚಿದೆ. ನನ್ನ ಕಿರುಚಾಟಕ್ಕೆ ಬೆಚ್ಚಿ ಬೆರಳಿಗೆ ಚುಚ್ಚಿಕೊಂಡಳು.

ಒಂದು ಹನಿ ಅಂಗಿಯ ಮೇಲೆ ಬಿತ್ತು. ಇಬ್ಬರೂ ಉಸಿರು ಹಿಡಿದು ಬೆರಳು ನೋಡುತ್ತಾ ಕೂತೆವು. ಎರಡನೆಯದು ಬರಲೇ ಇಲ್ಲ.

ನಾನು ಬಿಳಿ ನೂಲು ತುಂಡುಮಾಡಿ ಅವಳ ಬಾಯಿಗೆ ಹಿಡಿದೆ. ಅವಳು ಮುಖ ತಿರುಗಿಸಿದಳು.

"ನನ್ನ ಎಂಜಲಿಗೆ ಇದು ಹೋಗಲ್ಲಮ್ಮ."

"ಯಾಕೆ ಹೋಗಲ್ಲ?"

"ರಕ್ತ ಅವಳದಲ್ವಾ? ಅವಳೇ ಬಂದು ತೆಗೀಲಿ."

ಅಂಗಿ ಹಾಗೇ ಇಟ್ಟಿದ್ದೇನೆ. ಗಿರಾಕಿ ಬಂದು ಬಯ್ದು ಹೋದ, ನಾನೂ ಸರಿಯಾಗಿ ಬಯ್ದು ಕಳಿಸಿದೆ. ಕಲೆ ಹಳತಾದಷ್ಟೂ ಕಷ್ಟ ಎಂದು ನಿನಗೆ ಹೇಳಿಕೊಡಬೇಕಾಗಿಲ್ಲ. ನೂಲು ತುಂಡುಮಾಡಿ ಅವಳ ಯಂತ್ರದ ಮೇಲೇ ಇಟ್ಟಿದ್ದೇನೆ. ಬೇಗ ಹೊರಡು.

ನಿನ್ನ ಅಜ್ಜಿ